ನೀಲಿ ನೆಲ, ಕೆಂಪು ಕೊಂಬು

"ಹುಲ್ಲು ಹಸಿರಾಗೇ ಇದೆ!"

ಬುರುಲ್ಚಾ ಕಿರುಚಿದ ರಭಸಕ್ಕೆ ಅಂಗಳದಲ್ಲಿ ಉಣ್ಣೆ ಬಡಿಯುತ್ತಿದ್ದ ಹೆಂಗಸರ ಕೋಲುಗಳು ಗಾಳಿಯಲ್ಲೇ ನಿಂತುಬಿಟ್ಟವು. ಗೋಡೆಗೊರಗಿ ಸೂರ್ಯಕಾಂತಿ ಬೀಜ ಕಡಿಯುತ್ತಿದ್ದ ಅವಳ ದೊಡ್ಡಪ್ಪನ ಮಗ ಬೆಕ್ತುರ್ ಮಾತ್ರ ಸಿಪ್ಪೆ ಉಗಿದು, "ಹುಲ್ಲು ಹಸಿರಾಗದೆ ಇನ್ನೇನು, ನಿನ್ನ ಮೂಗಿನ ಥರ ಕೆಂಪಗಿರುತ್ತಾ?" ಎಂದ.

"ಬೈಕೆ, ದಯವಿಟ್ಟು ಬಾಯಿ ಮುಚ್ಚಿ, ಕಣ್ಣು ಬಿಡಿ. ಈ ಫೋಟೋ ನೋಡಿ."

ಅಣ್ಣನಾದವನನ್ನು ಬೈಕೆ ಎನ್ನಲೇಬೇಕು, ಬಹುವಚನ ಕೊಡಲೇಬೇಕು. ಬೈಯುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ.

ಅವಳು ಫೋನನ್ನು ಅವನ ಮೂಗಿಗೆ ಹಿಡಿದಳು. ಎದುರಾಳಿ ಪೇಜಿನ ಫೋಟೋ ಅದು. ಬೆಟ್ಟದ ಹುಲ್ಲುಗಾವಲು, ಅದರ ಮೇಲೆ ಹಾಸಿದ ಉಣ್ಣೆಯ ಶಿರ್ದಾಕ್, ಪಕ್ಕದಲ್ಲಿ ಮೂಗು ಚಾಚಿ ನಿಂತ ಕಂದು ಕುದುರೆ. ಹಾಸಿನ ನೆಲ ನೀಲಿ, ಮೇಲೆ ಸುರುಳಿ ಸುತ್ತಿದ ಟಗರಿನ ಕೊಂಬುಗಳು ಕೆಂಪು. ಇವರ ಶಿರ್ದಾಕ್ ಇದಕ್ಕೆ ತಿರುಗುಮುರುಗು: ಕೆಂಪು ನೆಲ, ನೀಲಿ ಕೊಂಬು. ಉಳಿದಂತೆ ಸುರುಳಿಗೆ ಸುರುಳಿ, ತುದಿಗೆ ತುದಿ ಅದೇ.

ವಾರದಿಂದ ಎಲ್ಲರೂ ನಂಬಿದ್ದು ಒಂದೇ ಮಾತು. ಯಾರೋ ಇವರ ಚಿತ್ತಾರ ಕದ್ದು, ಫೋನಿನಲ್ಲಿ ಬಣ್ಣ ತಿರುವಿ, 'ಹನ್ನೆರಡನೇ ಸೂಜಿ' ಎಂಬ ಹೊಸ ಪೇಜಿಗೆ ಹಾಕಿದ್ದಾರೆ. ಸಾಲದ್ದಕ್ಕೆ ಇವರ 'ಹನ್ನೊಂದು ಸೂಜಿ' ಪೇಜಿನವರೇ ಕಳ್ಳರು ಎಂದು ಪೇಜು ನಡೆಸುವ ಕಂಪನಿಗೆ ದೂರು ಬೇರೆ! ಇವತ್ತು ಹೊತ್ತು ಮುಳುಗುವುದರೊಳಗೆ ಚಿತ್ತಾರ ತಮ್ಮದೆಂದು ಸಾಬೀತು ಮಾಡದಿದ್ದರೆ ಪೇಜಿಗೆ ಬೀಗ.

"ಫೋನಲ್ಲಿ ಬಣ್ಣ ತಿರುವಿದ್ರೆ ಇಡೀ ಫೋಟೋನೇ ತಿರುಗ್ಬೇಕು ತಾನೇ? ಹುಲ್ಲು ನೇರಳೆ ಆಗ್ಬೇಕಿತ್ತು, ಕುದುರೆ ನೀಲಿ ಆಗ್ಬೇಕಿತ್ತು!"

"ನೀಲಿ ಕುದುರೆ ಸಿಕ್ಕಿದ್ರೆ ನನಗೆ ಹೇಳು. ಈ ಡಕೋಟ ಕಾರು ಮಾರಿ ಅದನ್ನೇ ತಗೋತೀನಿ."

"ಬೈಕೆ! ಬಣ್ಣ ಯಾರೂ ತಿರುವಿಲ್ಲ. ಇದು ನಮ್ಮ ಹಾಸಿನ ಫೋಟೋನೇ ಅಲ್ಲ. ನಿಜವಾಗ್ಲೂ ಇರೋ ಇನ್ನೊಂದು ಹಾಸು. ಇದು ಅವಳಿ!"

ಹೆಂಗಸರು ಕೋಲು ಕೆಳಗಿಟ್ಟು ಹತ್ತಿರ ಬಂದರು.

ಅವಳಿ ಎಂದರೆ ಏನೆಂದು ಈ ಬೆಟ್ಟದೂರು ಕೊಚ್ಕೋರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೆಂಪು ಉಣ್ಣೆಹಾಳೆಯ ಮೇಲೆ ನೀಲಿ ಹಾಳೆ ಇಟ್ಟು, ಒಂದೇ ಚಾಕುವಿನಲ್ಲಿ ಎರಡನ್ನೂ ಒಟ್ಟಿಗೆ ಕತ್ತರಿಸುತ್ತಾರೆ. ನೀಲಿಯ ಕೊಂಬು ಕೆಂಪಿನ ತೂತಿಗೆ ಕೂರುತ್ತದೆ, ಕೆಂಪಿನದು ನೀಲಿಯ ತೂತಿಗೆ. ಒಂದು ಚೂರೂ ವ್ಯರ್ಥವಿಲ್ಲ. ಹಾಗಾಗಿ ಶಿರ್ದಾಕ್ ಒಂಟಿಯಾಗಿ ಹುಟ್ಟುವುದೇ ಇಲ್ಲ.

ಇಷ್ಟು ಗೊತ್ತಿದ್ದೂ ವಾರವಿಡೀ ಯಾರಿಗೂ ಹೊಳೆಯದೆ ಹೋದದ್ದೇಕೆ? ಆ ಅವಳಿ ಮದುವೆಯ ಬಳುವಳಿಯಾಗಿ ಹೋಗಿತ್ತು. ಮಗಳ ಜೊತೆ ಗಂಡನ ಮನೆಗೆ ಕಳಿಸಿದ ವಸ್ತು ಈಗ ಎಲ್ಲಿದೆ, ಹೇಗಿದೆ ಎಂದು ತವರಿನವರು ಕೇಳಬಾರದು. ಕೇಳಿದರೆ, ಕೊಟ್ಟದ್ದನ್ನು ಲೆಕ್ಕ ಹಾಕುತ್ತಿದ್ದೀರಿ ಎಂದು ಬೀಗರು ಮುಖ ಊದಿಸುತ್ತಾರೆ. ಕೇಳದೆ ಕೇಳದೆ, ಹೆಂಗಸರಿಗೆ ಅದರ ನೆನಪೇ ಅಳಿಸಿಹೋಗಿತ್ತು.

"ಗುಲ್ಬಾರಾ ಎಜೆ ಮದುವೇಲಿ ಕೊಟ್ಟಿದ್ದು ಅಲ್ವಾ ಅಪಾ?" ಬುರುಲ್ಚಾ ಮೆಲ್ಲಗೆ ಕೇಳಿದಳು. ಎಜೆ ಎಂದರೆ ಅಕ್ಕ, ಅಪಾ ಎಂದರೆ ಅಮ್ಮನ ವಯಸ್ಸಿನವಳು.

ಗುಲ್ಬಾರಾಳ ತಾಯಿ, ಈ ಕಾರ್ಖಾನೆ ಕಟ್ಟಿದ ತುರ್ಸುನಾಯ್ ಅಪಾ, ಅಂಗಳದ ನಡುವೆ, ಎಲ್ಲರೂ ಚಹಾಕ್ಕೆ ಕೂರುವ ದಪ್ಪನೆಯ ಅಗಲ ಬೂದು ಉಣ್ಣೆಯ ಆಸನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಬಿಳಿ ಪಟ್ಟೆಯ ಸಾಣೆಕಲ್ಲಿನ ಮೇಲೆ ಚಾಕು ಮಸೆಯುತ್ತಿದ್ದಳು. ಕಣ್ಣು ಮಂಜಾದ ಮೇಲೆ ಅವಳು ಹೊಲಿಯುವುದನ್ನು ಬಿಟ್ಟಿದ್ದಳು. ಆದರೆ ಕತ್ತರಿಸುವ ಕೆಲಸ ಇವತ್ತಿಗೂ ಅವಳದ್ದೇ, ಬೇರೆಯವರು ಚಾಕು ಮುಟ್ಟುವಂತಿರಲಿಲ್ಲ.

"ನನ್ನ ಮಗಳ ಹೊಸ್ತಿಲು ತುಳಿದು ಶಿರ್ದಾಕ್ ಎಲ್ಲಿ ಅಂತ ಕೇಳಿದ್ರೆ," ಅಪಾ ತಲೆಯೆತ್ತದೆ ಹೇಳಿದಳು, "ನಿನ್ನ ಕಿವಿ ಕತ್ತರಿಸಿ ಜೋಡಿ ಕೊಂಬು ಮಾಡಿ ಹೊಲಿಸ್ತೀನಿ."

"ಪೇಜು ಹೋಗುತ್ತೆ ಅಪಾ!"

"ಹೋದ್ರೆ ಹೋಗ್ಲಿ ಬಿಡು," ಬೆಕ್ತುರ್ ಇನ್ನೊಂದು ಸಿಪ್ಪೆ ಉಗಿದ. "ಇನ್ನೊಂದು ಮಾಡಿದ್ರಾಯ್ತು."

"ನೀನು ಮೊದಲು ಅಂಗಳದಲ್ಲಿ ಉಗಿಯೋದು ನಿಲ್ಲಿಸು, ದರಿದ್ರದವನೇ! ಉಣ್ಣೇಲಿ ಸಿಪ್ಪೆ ಸೇರ್ಕೊಳ್ಳುತ್ತೆ!" ಅಪಾ ಗದರಿದಳು.

ಇನ್ನೊಂದು ಮಾಡಿದ್ರಾಯ್ತಂತೆ! ಬುರುಲ್ಚಾಗೆ ಮೈಯೆಲ್ಲಾ ಉರಿಯಿತು. ಅವಳು ಬರುವ ಮೊದಲು ಈ ಪೇಜಿನಲ್ಲಿದ್ದದ್ದು ಏನು? ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಸುಗಳು, ಮೇಲೊಂದು ಬಿಳಿಯ ಫ್ಲಾಶ್, ಕೆಳಗೆ ಯಾರದ್ದೋ ಹರಿದ ಚಪ್ಪಲಿ. ಮೆಚ್ಚಿದವರು ಇಬ್ಬರು, ಇಬ್ಬರೂ ಬೀಗರು. ಅವಳು ಹಾಸುಗಳನ್ನು ಗೋಡೆಯಿಂದ ಇಳಿಸಿದಳು. ಕುದುರೆಯ ಬೆನ್ನಿಗೆ ಹಾಕಿದಳು, ಕಾರಿನ ತಲೆಗೆ ಹೊದಿಸಿದಳು, ಅಂಬೆಗಾಲಿಡುವ ಮಗುವನ್ನು ಮೇಲೆ ಬಿಟ್ಟಳು. ಬೆಳಗಿನ ಓರೆಬಿಸಿಲಿನಲ್ಲಿ ಅಜ್ಜಿಯರ ಸುಕ್ಕುಬೆರಳು ಸೂಜಿ ಎಳೆಯುವುದನ್ನು ಹತ್ತಿರದಿಂದ ತೆಗೆದಳು. ಎಲ್ಲೆಲ್ಲಿಂದಲೋ ಗಿರಾಕಿಗಳು ಬರತೊಡಗಿದರು. ಈಗ ಈ ಹೆಂಗಸರು ರಸ್ತೆ ಬದಿಯಲ್ಲಿ ಪ್ರವಾಸಿಗಳ ಬಸ್ಸು ಕಾಯುತ್ತಾ ಕೂರುವುದಿಲ್ಲ. ಪೇಜು ಮುಚ್ಚಿದರೆ ನಾಳೆಯಿಂದ ಮತ್ತೆ ಅದೇ ಧೂಳು, ಅದೇ ಬಸ್ಸು.

ಹೆಂಗಸರಿಗೂ ಅವಳು ಫೋಟೋ ಪಾಠ ಹೇಳಿದ್ದಳು. ಒಂದು ಮೂಲೆ ಮಡಚಿ, ಹಿಂಬದಿಯ ಹೊಲಿಗೆ ಕಾಣಲಿ. ಗಾಳಿಗೆ ಹಾರದ ಹಾಗೆ ಅದರ ಮೇಲೆ ಕಲ್ಲಿಡಿ, ಮೂಲೆ ಕೂತ ಮೇಲೆ ಕಲ್ಲು ತೆಗೆದು ಫೋಟೋ ಹೊಡೀರಿ. ಆ ದಿನ ಎಲ್ಲರೂ ನಕ್ಕೂ ನಕ್ಕೂ ಸುಸ್ತಾಗಿದ್ದರು. ಅಪಾ ಎಷ್ಟು ಸಲ ಹೇಳಿದರೂ ಕಲ್ಲು ತೆಗೆಯಲು ಮರೆಯುತ್ತಿದ್ದಳು. ಕೊನೆಗೆ ಸಿಟ್ಟು ಬಂದು, "ಈ ಯಂತ್ರದ ಸಹವಾಸ ನನಗೆ ಬೇಡ" ಎಂದು ಫೋನು ಬಿಸುಟು ಚಹಾ ಕಾಯಿಸಲು ಹೋಗಿಬಿಟ್ಟಿದ್ದಳು.

"ಬೈಕೆ, ಕಾರು ತೆಗೀರಿ," ಎಂದಳು ಬುರುಲ್ಚಾ, ಅಪಾಗೆ ಕೇಳದಂತೆ.

"ಕಿವಿ?"

"ನನಗೆರಡಿದೆ."

* * *

ಹೊಳೆ ದಾಟಿದರೆ ಗುಲ್ಬಾರಾಳ ಊರು. ಬೆಕ್ತುರ್‌ನ ಕಾರು ಪ್ರತಿ ಹೊಂಡಕ್ಕೂ ನಮಸ್ಕಾರ ಹಾಕುತ್ತಾ ಹೊರಟಿತು.

"ಅವಳಿ ಸಿಕ್ಕಿತು ಅಂತಾನೇ ಇಟ್ಕೋ. ಆಮೇಲೆ ಏನ್ಮಾಡ್ತೀಯ?" ಅವನು ಕೇಳಿದ.

"ಎರಡನ್ನೂ ಪಕ್ಕಪಕ್ಕ ಹಾಸಿ ಒಂದೇ ಫೋಟೋ. ಇದರ ತೂತಿನ ಆಕಾರ ಅದರ ಕೊಂಬು. ಚಾಕು ಎಲ್ಲಿ ಜಾರಿದೆಯೋ ಎರಡರಲ್ಲೂ ಅಲ್ಲೇ ಜಾರಿರುತ್ತೆ. ಜೋಡಿ ಯಾರ ಅಂಗಳದಲ್ಲಿದೆಯೋ ಕತ್ತರಿಸಿದೋರು ಅವರೇ. ಕುರುಡನಿಗೂ ಕಾಣುತ್ತೆ."

"ಅಷ್ಟು ದೊಡ್ಡದು ಫೋನಲ್ಲಿ ಹಿಡಿಸುತ್ತಾ?"

"ಕೆಳಗಿಂದ ಹಿಡಿಸಲ್ಲ. ಕೊಟ್ಟಿಗೆ ಮಾಳಿಗೆ ಹತ್ತಿ ತೆಗೀಬೇಕು."

"ಬುದ್ಧಿವಂತೆ," ಎಂದ ಬೆಕ್ತುರ್, ಕಿಟಕಿಯಿಂದಾಚೆ ಸಿಪ್ಪೆ ಉಗಿಯುತ್ತಾ. ಗಾಳಿಗೆ ಅದು ವಾಪಸ್ ಬಂದು ಅವನ ಗಡ್ಡಕ್ಕೇ ಅಂಟಿಕೊಂಡಿತು.

ಗುಲ್ಬಾರಾ ಎಜೆ ಬಾಗಿಲಲ್ಲೇ ತಬ್ಬಿಕೊಂಡಳು. ಅಕ್ಕ ಎಂದರೆ ಹೀಗಿರಬೇಕು. ಚಿಕ್ಕಂದಿನಲ್ಲಿ ಬುರುಲ್ಚಾಳ ಜಡೆ ಹೆಣೆದವಳು, ಮೊದಲ ಫೋನು ಕೊಡಿಸಿದವಳು. ಕಣ್ಣು ತುಂಬಾ ನಗು, ಕೈ ತುಂಬಾ ಹಿಟ್ಟು.

ಒಳಗೆ ಅವಳ ಅತ್ತೆ ಕೂತಿದ್ದಳು. ಹಿಂದಿನ ಗೋಡೆಗೆ ಹಾಸಿಗೆ, ಹೊದಿಕೆ, ಬಳುವಳಿಯ ಹಾಸುಗಳನ್ನೆಲ್ಲ ಮಡಚಿ ಪೇರಿಸಿದ ರಾಶಿ, ಇಲ್ಲಿನ ಪ್ರತಿ ಮನೆಯ ಹೆಮ್ಮೆ. ಮೇಜಿನ ಮೇಲೆ ರೊಟ್ಟಿ, ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್ ರಾಶಿ, ಕೆನೆ, ಏಪ್ರಿಕಾಟ್ ಜಾಮು. ಮೊದಲು ರೊಟ್ಟಿ ಮುರಿದು ಬಾಯಿಗಿಡದೆ ಇಲ್ಲಿ ಯಾವ ಮಾತೂ ಶುರುವಾಗುವಂತಿಲ್ಲ. ಬುರುಲ್ಚಾ ಮುರಿದಳು, ತಿಂದಳು, ಕುದುರೆಗಳ ಯೋಗಕ್ಷೇಮ ಕೇಳಿದಳು, ಹಸುಗಳದ್ದು ಕೇಳಿದಳು, ಆಮೇಲೆ ಮನುಷ್ಯರದ್ದು.

ಕೇಳಬಾರದ್ದನ್ನು ಕೇಳುವುದು ಹೇಗೆ?

"ಅತ್ತೆ, ಪೇಜಿಗೆ ಹೊಸ ಸರಣಿ ಮಾಡ್ತಿದೀನಿ," ಅವಳು ಬಾಯಿಗೆ ಬಂದದ್ದು ಬಿಟ್ಟಳು. "ಮನೆಮನೆಯ ಹಾಸಿಗೆ ರಾಶಿ ಅಂತ. ಯಾವ ಮನೇಲಿ ಎಷ್ಟು ಚೆಂದ ಜೋಡಿಸಿದಾರೆ ಅಂತ ಫೋಟೋ. ನಿಮ್ಮದೇ ಮೊದಲು ಹಾಕೋಣ ಅಂತ ಬಂದೆ."

ಅತ್ತೆಯ ಮುಖ ಊರಗಲವಾಯಿತು. "ತೆಗಿ ತೆಗಿ! ಆ ಕೆಳಬೀದಿ ಜಾಮಿಲಾ ನೋಡಿ ಹೊಟ್ಟೆ ಉರ್ಕೊಂಡು ಸಾಯ್ಲಿ! ತಡಿ, ಒಳ್ಳೆ ತಲೆವಸ್ತ್ರ ಕಟ್ಕೊಂಡು ಬರ್ತೀನಿ." ಎಂದವಳೇ ಪಕ್ಕದ ಕೋಣೆಗೆ ಓಡಿದಳು.

ಅಷ್ಟರಲ್ಲಿ ಗುಲ್ಬಾರಾ ಬುರುಲ್ಚಾಳ ಬಟ್ಟಲಿಗೆ ಚಹಾ ಬಗ್ಗಿಸಿದ್ದಳು. ಬಟ್ಟಲು ನೋಡಿದ ಬುರುಲ್ಚಾಳ ಕೈ ಅರ್ಧದಲ್ಲೇ ನಿಂತಿತು.

ಅಂಚಿನವರೆಗೂ ತುಂಬಿತ್ತು.

ಬೇಕಾದವರಿಗೆ ಗುಟುಕು ಗುಟುಕಾಗಿ ಬಗ್ಗಿಸುತ್ತಾರೆ, ಬಟ್ಟಲು ಬರಿದಾಗಲಿ, ಮತ್ತೆ ಬಗ್ಗಿಸೋಣ, ಇನ್ನಷ್ಟು ಹೊತ್ತು ಕೂತಿರಲಿ ಎಂದು. ತುಂಬಿದ ಬಟ್ಟಲೆಂದರೆ, ಕುಡಿದು ಎದ್ದೇಳು. ಜಡೆ ಹೆಣೆದ ಕೈ ಇವತ್ತು ಅವಳನ್ನು ಬಾಗಿಲಾಚೆ ನೂಕುತ್ತಿತ್ತು.

"ಎಜೆ," ಬುರುಲ್ಚಾ ಪಿಸುಗುಟ್ಟಿದಳು. "ಇಷ್ಟು ಬೇಗ ಹೋಗ್ಬೇಕಾ ನಾನು?"

"ಕೈ ಜಾರ್ತು ಕಣೇ."

"ನಿಮ್ಮ ಕೈ ಹುಟ್ಟಿದಾಗಿಂದ ಜಾರಿಲ್ಲ."

ಗುಲ್ಬಾರಾ ಹಾಸಿಗೆ ರಾಶಿಗೆ ಅಡ್ಡ ನಿಂತಳು. ಬುರುಲ್ಚಾ ಬಲಕ್ಕೆ ಬಾಗಿದರೆ ಅವಳೂ ಬಲಕ್ಕೆ, ಎಡಕ್ಕೆ ಬಾಗಿದರೆ ಎಡಕ್ಕೆ. ಬಾಗಿಲಲ್ಲಿ ನಿಂತಿದ್ದ ಬೆಕ್ತುರ್‌ಗೆ ಕುಣಿತ ನೋಡಿದಂತಾಗಿ ಫಕ್ಕನೆ ನಗು ಬಂತು. ಆದರೆ ಬುರುಲ್ಚಾ ಕಂಕುಳಡಿಯಿಂದ ಫೋನು ತೂರಿಸಿ ಫೋಟೋ ಹೊಡೆದಾಗಿತ್ತು. ರಾಶಿಯ ಬುಡದಲ್ಲಿ, ಬಳುವಳಿ ಶಿರ್ದಾಕ್ ಇರಬೇಕಾದ ಜಾಗದಲ್ಲಿ, ಅಂಗಡಿಯಿಂದ ತಂದ ಹೊಚ್ಚಹೊಸ ಹೊದಿಕೆ. ಹೊರಗೆ ಕಾಣುವ ಅಂಚಿಗೆ ಮಾತ್ರ ನೀಲಿ ಉಣ್ಣೆಯ ಪಟ್ಟಿ ಸುತ್ತಿತ್ತು.

"ಮಾರಿಬಿಟ್ರಾ ಎಜೆ?"

ಗುಲ್ಬಾರಾಳ ಕಣ್ಣು ಕಿಡಿಯಾಯಿತು. "ಮಾರೋದಾ? ಅದನ್ನಾ? ನನ್ನ ಅಮ್ಮ ಕತ್ತರಿಸಿದ್ದನ್ನಾ? ಬಾಯಿಗೆ ಬಂದಂಗೆ ಮಾತಾಡಿದ್ರೆ ಕಪಾಳಕ್ಕೆ ಬಾರಿಸ್ತೀನಿ!"

"ಮತ್ತೆ ಎಲ್ಲಿ?"

"ಒಬ್ಬರು ಬಂದು ಕೇಳಿದ್ರು, ಕೊಟ್ಟೆ. ಸ್ವಲ್ಪ ದಿನಕ್ಕೆ ಅಷ್ಟೇ. ಕಳ್ಳತನ ಅಲ್ಲ."

"ಒಬ್ಬರು ಅಂದ್ರೆ?"

ಗುಲ್ಬಾರಾ ಮೇಜಿನ ಮೇಲಿದ್ದ ರೊಟ್ಟಿ ತೋರಿಸಿದಳು. "ಇದನ್ನ ಮುಟ್ಟಿ ಮಾತು ಕೊಟ್ಟಿದೀನಿ. ಸಾಯಿಸಿದ್ರೂ ಹೇಳಲ್ಲ." ಆಮೇಲೆ ಧ್ವನಿ ತಗ್ಗಿಸಿ, "ಬಳುವಳಿ ಮನೆ ಬಿಟ್ಟು ಹೋಗಿದೆ ಅಂತ ಅತ್ತೆಗೆ ಗೊತ್ತಾದ್ರೆ ನನ್ನ ಗತಿ ನಾಯಿಪಾಡು. ಚಹಾ ಕುಡಿದು ಹೊರಡೇ, ನನ್ನ ಚಿನ್ನ ಅಲ್ವಾ."

"ಬಂದೆ ಬಂದೆ!" ಅತ್ತೆ ಹೂವಿನ ತಲೆವಸ್ತ್ರ ಕಟ್ಟಿ, ಎರಡು ಚಿನ್ನದ ಹಲ್ಲು ಹೊಳೆಸುತ್ತಾ ಬಂದಳು. ಬುರುಲ್ಚಾಗೆ ಬೇರೆ ದಾರಿಯಿರಲಿಲ್ಲ. ಅತ್ತೆಯನ್ನು ರಾಶಿಯ ಮುಂದೆ, ಸರಿಯಾಗಿ ಆ ಹೊದಿಕೆಗೆ ಅಡ್ಡವಾಗಿ ಕೂರಿಸಿ ಹೊಡೆದ ಫೋಟೋ ಮಾತ್ರ ಬಲು ಚೆನ್ನಾಗಿ ಬಂತು. ಹಿಂದೆ ನಿಂತಿದ್ದ ಗುಲ್ಬಾರಾ ಉಸಿರು ಬಿಟ್ಟಳು.

ಬಟ್ಟಲಿನ ಚಹಾ ಮುಗಿಸಿ ಬುರುಲ್ಚಾ ಎದ್ದಳು.

* * *

ವಾಪಸ್ ಬರುವಾಗ ಸೂರ್ಯ ಬೆಟ್ಟದ ಭುಜಕ್ಕೆ ಇಳಿದಿದ್ದ. ಕೈಯಲ್ಲಿ ಅವಳಿಯೂ ಇಲ್ಲ, ಹೆಸರೂ ಇಲ್ಲ.

ಗುಲ್ಬಾರಾ ಯಾರಿಗೆ ಕೊಟ್ಟಾಳು? ಕೇಳಬಾರದ ವಸ್ತು ಅದು. ಅದನ್ನು ಕೇಳುವ ಧೈರ್ಯ ಯಾರಿಗಿದ್ದೀತು?

ಬುರುಲ್ಚಾ 'ಹನ್ನೆರಡನೇ ಸೂಜಿ'ಯ ಫೋಟೋಗಳನ್ನು ಮತ್ತೆ ತೆರೆದಳು. ಕುದುರೆ ಜೊತೆ ಒಂದು, ಹೊಳೆದಂಡೆಯಲ್ಲಿ ಒಂದು, ಪಾಪ್ಲರ್ ಮರದ ನೆರಳಿನಲ್ಲಿ ಒಂದು. ಚೆನ್ನಾಗಿಯೇ ಇದ್ದವು, ಹಾಳಾದ್ದು. ಬೆಳಕು ಓರೆಯಾಗಿತ್ತು, ಮೂಲೆ ಮಡಚಿತ್ತು, ಎಲ್ಲಾ ಅವಳದ್ದೇ ಪಾಠ. ವಾರದಿಂದ ಅವಳು ನೋಡಿದ್ದು ಬರೀ ಕೊಂಬುಗಳನ್ನು. ಈಗ ಮೂಲೆಯನ್ನು ಬೆರಳಲ್ಲಿ ಹಿಗ್ಗಿಸಿದಳು.

ಮಡಚಿದ ಮೂಲೆಯ ಮೇಲೆ ಒಂದು ಕಲ್ಲು.

ಮುಂದಿನ ಫೋಟೋ. ಕಲ್ಲು.

ಅದರ ಮುಂದಿನದು. ಅದೇ ಕಲ್ಲು. ಬೂದು ಬಣ್ಣ, ನಡುವೆ ಬಿಳಿ ಪಟ್ಟೆ.

"ಅಯ್ಯೋ ದೇವರೇ," ಎಂದಳು ಬುರುಲ್ಚಾ. ಆಮೇಲೆ ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

"ಹುಚ್ಚು ಹಿಡೀತಾ?"

"ಬೇಗ ಓಡಿಸಿ ಬೈಕೆ!"

ಬೆಕ್ತುರ್ ಓರೆಗಣ್ಣಲ್ಲಿ ಅವಳ ಫೋನಿನತ್ತ ನೋಡಿದ. ಈ ಸಲ ತಮಾಷೆ ಮಾಡಲಿಲ್ಲ.

ಗೇಟಿನಲ್ಲಿ ಇಳಿಯುವಾಗ, "ಎಂಜಿನ್ ಕಾದಿದೆ, ನೀರು ಹಾಕಿ ಬರ್ತೀನಿ" ಎಂದ. ಅವಳು ಕೇಳಿಸಿಕೊಳ್ಳಲೂ ನಿಲ್ಲಲಿಲ್ಲ.

ಹೆಂಗಸರೆಲ್ಲ ಹಾಲು ಕರೆಯಲು ಮನೆಗಳಿಗೆ ಹೋಗಿದ್ದರು. ಅಪಾ ಒಬ್ಬಳೇ ಅದೇ ಬೂದು ಆಸನದ ಮೇಲೆ, ಬೆಳಿಗ್ಗೆ ಕೂತಂತೆಯೇ ಕೂತಿದ್ದಳು. ಬುರುಲ್ಚಾ ಅವಳೆದುರು ಮಂಡಿಯೂರಿ, ಪಕ್ಕದಲ್ಲಿದ್ದ ಸಾಣೆಕಲ್ಲನ್ನು ಎತ್ತಿಕೊಂಡಳು.

"ಅಪಾ, ಈ ಕಲ್ಲು ಬೆಟ್ಟಕ್ಕೆ ಯಾವಾಗ ಹೋಗಿತ್ತು?"

ಅಪಾ ಚಾಕು ಕೆಳಗಿಟ್ಟಳು.

"ಹೊಳೆದಂಡೆಗೂ ಹೋಗಿತ್ತಂತೆ. ಮರದ ನೆರಳಿಗೂ. ಎಲ್ಲಾ ಫೋಟೋದಲ್ಲೂ ಕೂತು ಪೋಸು ಕೊಟ್ಟಿದೆ."

ಅಪಾ ಕಲ್ಲನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ತೆಗೀಬೇಕಿತ್ತಾ?" ಎಂದಳು, ಜಾಮು ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ.

"ಎಷ್ಟು ಸಲ ಹೇಳಿದ್ದೆ ಅಪಾ!"

"ನೀನು ಹೇಳಿದ್ದೆ. ಅವರೆಲ್ಲ ನಕ್ಕಿದ್ರು." ಅಪಾ ಮುಖ ಪಕ್ಕಕ್ಕೆ ತಿರುಗಿಸಿದಳು. "ಹನ್ನೊಂದು ಸೂಜಿ ಅಂತ ಹೆಸರಿಟ್ರಿ. ಹೊಲಿಯೋರನ್ನ ಎಣಿಸಿದ್ರಿ. ಕತ್ತರಿಸೋಳು ಲೆಕ್ಕಕ್ಕಿಲ್ಲ ಅಲ್ವಾ? ಅದಕ್ಕೇ ಹನ್ನೆರಡನೇದು ನಾನು ಅಂತ ಮಾಡ್ದೆ. ನನ್ನ ಫೋಟೋನೂ ಜನ ನೋಡ್ತಾರಾ ಅಂತ ನೋಡೋಣ ಅಂತ." ತಟ್ಟನೆ ಮುಖ ಅರಳಿತು. "ಕುದುರೆದಕ್ಕೆ ನಿನ್ನದಕ್ಕಿಂತ ಜಾಸ್ತಿ ಲೈಕು ಬಂದಿದೆ, ಗೊತ್ತಾ?"

ಬುರುಲ್ಚಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಪಾಳ ಒರಟು ಕೈಯನ್ನು ಕೆನ್ನೆಗೊತ್ತಿಕೊಂಡಳು. "ನಾಳೆನೇ ಹೆಸರು ಬದಲಾಯಿಸ್ತೀನಿ ಅಪಾ. ಆದ್ರೆ ದೂರು ಯಾಕೆ ಕೊಟ್ರಿ? ನಮ್ಮ ಪೇಜನ್ನ ನಾವೇ ಮುಚ್ಚಿಸೋದಾ?"

"ದೂರಾ?" ಅಪಾ ಹುಬ್ಬೇರಿಸಿದಳು. "ನಾನ್ಯಾಕೆ ಕೊಡ್ಲಿ? ಈಚೆಗೆ ಆ ಪೇಜು ನನ್ನನ್ನ ಒಳಗೇ ಬಿಡ್ತಿಲ್ಲ. ಗುಟ್ಟಿನ ಅಕ್ಷರ ತಪ್ಪು ತಪ್ಪು ಅನ್ನುತ್ತೆ. ನನ್ನ ಬೆರಳು ಒರಟು, ಅದಕ್ಕೇ ಇರ್ಬೇಕು ಅಂತ ಸುಮ್ನಾದೆ. ಎಲ್ಲರೆದುರು ಹೇಳಿದ್ರೆ ಮತ್ತೆ ನಗ್ತಾರೆ."

ಬುರುಲ್ಚಾಳ ಬೆನ್ನು ಸೆಟೆಯಿತು. "ಅಪಾ, ಪೇಜು ಮಾಡ್ಕೊಟ್ಟೋರು ಯಾರು?"

"ಹೇಳ್ತೀನಿ. ಮೊದಲು ಸೂರ್ಯನ್ನ ನೋಡು ಹುಡುಗಿ!" ಅಪಾ ಸೊಂಟ ಹಿಡಿದುಕೊಂಡು ಎದ್ದಳು. ಕೂತಿದ್ದ ಬೂದು ಆಸನದ ಅಂಚು ಹಿಡಿದು ಮಗುಚಿ ಹಾಕಿದಳು. ಹಿಂಬದಿಯ ಬೂದು ಉಣ್ಣೆ ಕೆಳಗಾಯಿತು.

ನೀಲಿ ನೆಲ. ಕೆಂಪು ಕೊಂಬು.

"ವಾರದಿಂದ ನೀವೆಲ್ಲ ಇದರ ಮೇಲೆ ಕೂತೇ ಕಳ್ಳನ್ನ ಬೈತಾ ಚಹಾ ಕುಡೀತಿದೀರಿ," ಎಂದಳು ಅಪಾ, ಹೆಮ್ಮೆಯಿಂದ.

ಬುರುಲ್ಚಾ ಒಳಗೋಡಿ ಕೆಂಪು ಹಾಸು ಹೊತ್ತು ತಂದಳು. ಎರಡನ್ನೂ ಅಂಚಿಗೆ ಅಂಚು ತಾಗಿಸಿ ಹಾಸಿದರು. ಎಷ್ಟೋ ವರ್ಷಗಳ ನಂತರ ಅಕ್ಕತಂಗಿಯರು ಕೆನ್ನೆಗೆ ಕೆನ್ನೆ ತಾಗಿಸಿದಂತಿತ್ತು. ಮೂರನೆಯ ಕೊಂಬಿನ ತುದಿಯಲ್ಲಿ ಅಪಾಳ ಚಾಕು ಯಾವತ್ತೋ ಒಂದು ಕೂದಲೆಳೆ ಜಾರಿತ್ತು. ಎರಡರಲ್ಲೂ ಅಲ್ಲೇ ಜಾರಿತ್ತು. ಸಾಕು, ಇಷ್ಟು ಸಾಕು, ಒಂದೇ ಒಂದು ಫೋಟೋ!

"ಕಲ್ಲು ತೆಗೀರಿ ಅಪಾ!"

"ತೆಗ್ದೆ ತೆಗ್ದೆ!"

ಬುರುಲ್ಚಾ ಕೊಟ್ಟಿಗೆಯತ್ತ ಓಡಿದಳು. ಮಾಳಿಗೆ ಹತ್ತಲು ಯಾವಾಗಲೂ ಗೋಡೆಗೊರಗಿರುವ ಏಣಿ ಅಲ್ಲಿರಲಿಲ್ಲ. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಏಣಿ ಮಾಯ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಟಿಣ್ ಎಂದಿತು. 'ಹನ್ನೆರಡನೇ ಸೂಜಿ' ಹೊಸ ಫೋಟೋ ಹಾಕಿತ್ತು.

ಮೇಲಿನಿಂದ ತೆಗೆದ ಫೋಟೋ. ಸಂಜೆಯ ಓರೆಬಿಸಿಲು. ಒಂದು ಅಂಗಳ, ಅಂಚಿಗೆ ಅಂಚು ತಾಗಿದ ಎರಡು ಶಿರ್ದಾಕುಗಳು, ಒಂದು ಕೆಂಪು, ಒಂದು ನೀಲಿ. ಕೆಳಗೆ ಒಂದು ಸಾಲು: "ನಮ್ಮ ಜೋಡಿ, ನಮ್ಮ ಪುರಾವೆ." ಚಿತ್ರದ ಅಂಚಿನಲ್ಲಿ, ಬಾಯಿ ತೆರೆದುಕೊಂಡು ಏಣಿ ಹುಡುಕುತ್ತಾ ನಿಂತ ಹುಡುಗಿಯೊಬ್ಬಳ ಜಡೆ.

ಅದು ಅವಳದೇ ಜಡೆ.

ಬುರುಲ್ಚಾ ನಿಧಾನವಾಗಿ ಕತ್ತೆತ್ತಿದಳು. ಮಾಳಿಗೆಯ ಮೇಲೆ ಹುಲ್ಲಿನ ಬಣವೆ, ಅದರ ಹಿಂದೆ ಮುಳುಗುತ್ತಿರುವ ಸೂರ್ಯ. ಯಾರೂ ಕಾಣಲಿಲ್ಲ, ಮೇಲಕ್ಕೆಳೆದುಕೊಂಡ ಏಣಿಯ ತುದಿ ಮಾತ್ರ ಕಂಡಿತು. ಗೇಟಿನ ಬಳಿ ಬೆಕ್ತುರ್‌ನ ಕಾರು ಬಾಗಿಲು ತೆರೆದು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ.

ಮೇಲಿನಿಂದ, ಗಾಳಿಯಲ್ಲಿ ಗಿರಕಿ ಹೊಡೆಯುತ್ತಾ, ಒಂದು ಸೂರ್ಯಕಾಂತಿ ಬೀಜದ ಸಿಪ್ಪೆ ಬಂದು ಅವಳ ಮೂಗಿನ ಮೇಲೆ ಕೂತಿತು.